ಸ್ವಲ್ಪ ಕೂತ್ಕೋ

ನಮ್ಮ ಅತ್ತೆ ಕೂತಲ್ಲಿ ಕೂರುವವರಲ್ಲ, ನಿಂತಲ್ಲಿ ನಿಲ್ಲುವವರಲ್ಲ. ಅತ್ತೆ ಅಂದರೆ ಅಪ್ಪನ ಅಕ್ಕ. ನಮ್ಮ ಮನೆಗೆ ಬಂದರೆ ಹೆಗಲಿನ ಚೀಲ ಇಳಿಸುವುದಿಲ್ಲ. ಟೀ ಕೊಟ್ಟರೆ ಅಡುಗೆಮನೆ ಬಾಗಿಲಿಗೆ ಒರಗಿ ನಿಂತೇ ಕುಡಿದು, ಲೋಟ ತೊಳೆದಿಟ್ಟು, "ಬರ್ತೀನಿ ಕಣೇ" ಅನ್ನುವಷ್ಟರಲ್ಲಿ ಗೇಟಿನ ಸದ್ದು ಕೇಳಿಸುತ್ತದೆ. ಅಪ್ಪ ಅವರಿಗೆ ಇಟ್ಟ ಹೆಸರು ಗಾಲಿ. ಬೇಕರಿ ಕೆಲಸ ಮುಗಿಸಿ ಬಂದವರೇ, ತಲೆಯ ಮೇಲಿನ ಹಿಟ್ಟು ಕೊಡವಿಕೊಳ್ಳುತ್ತಾ, "ಗಾಲಿ ಬಂತಾ, ಹೋಯ್ತಾ?" ಎಂದು ಕೇಳುತ್ತಿದ್ದರು. ಎರಡೂ ಸೇರಿ ಒಂದೇ ಪ್ರಶ್ನೆ. ಅತ್ತೆಯ ವಿಷಯದಲ್ಲಿ ಬರುವುದಕ್ಕೂ ಹೋಗುವುದಕ್ಕೂ ನಡುವೆ ಜಾಗವೇ ಇರಲಿಲ್ಲ.

ಇಂಥವರಿಗೆ ಸಿಕ್ಕಿದ್ದು ಕೂತು ಮಾಡುವ ಕೆಲಸ. ಎಕ್ಸ್‌ರೇ, ಸ್ಕ್ಯಾನ್ ತೆಗೆಯುವ ಕಡೆ ಡಾಕ್ಟರುಗಳು ಚಿತ್ರ ನೋಡುತ್ತಾ ಬಾಯಲ್ಲಿ ಹೇಳಿ ರೆಕಾರ್ಡ್ ಮಾಡಿಡುತ್ತಾರೆ. ಆ ಧ್ವನಿ ಒಂದು ಕಂಪನಿಯ ಮೂಲಕ ಅತ್ತೆಯ ಲ್ಯಾಪ್‌ಟಾಪಿಗೆ ಬರುತ್ತದೆ. ಅತ್ತೆ ಕೇಳಿ ಟೈಪ್ ಮಾಡಿ ಕಳಿಸುತ್ತಾರೆ. ರೋಗಿಯ ಹೆಸರು ಇರುವುದಿಲ್ಲ. ಒಂದು ನಂಬರು, ಗಂಡೋ ಹೆಣ್ಣೋ, ವಯಸ್ಸು, ಅಷ್ಟೇ. ಮೇಜಿನ ಕೆಳಗೆ ಒಂದು ಪೆಡಲು. ಕಾಲಲ್ಲಿ ಒತ್ತಿದರೆ ಡಾಕ್ಟರು ಮಾತಾಡುತ್ತಾರೆ, ಕಾಲು ತೆಗೆದರೆ ಬಾಯಿ ಮುಚ್ಚುತ್ತಾರೆ. "ಕಾಲಿಗೂ ಕೆಲಸ ಇದೆ ಅಂತಲೇ ನಿಮ್ಮ ಅತ್ತೆ ಒಪ್ಪಿಕೊಂಡಿದ್ದು" ಎಂದು ಮಾವ ನಗುತ್ತಿದ್ದರು. ಡಾಕ್ಟರುಗಳ ಮುಖ ಅತ್ತೆಗೆ ಗೊತ್ತಿಲ್ಲ, ಧ್ವನಿ ಗೊತ್ತು. ಅವಸರದ ಡಾಕ್ಟರು, ಮೂಗಿನ ಡಾಕ್ಟರು, ನಿಧಾನದ ಡಾಕ್ಟರು ಎಂದು ಅವರೇ ಹೆಸರಿಟ್ಟುಕೊಂಡಿದ್ದರು. ಊರ ಸುದ್ದಿಯೆಲ್ಲ ಅತ್ತೆಯ ನಾಲಿಗೆ ತುದಿಯಲ್ಲಿ ಇರುತ್ತಿತ್ತು, ಇಯರ್‌ಫೋನಿನಲ್ಲಿ ಕೇಳಿದ್ದು ಮಾತ್ರ ಹೊಟ್ಟೆಯಲ್ಲೇ. ಯಾರಿಗೂ ಹೇಳುವುದಿಲ್ಲ ಎಂದು ಸಹಿ ಹಾಕಿಕೊಟ್ಟಿದ್ದರು. ಆ ಒಂದು ಸಹಿಗೆ ಅತ್ತೆ ಕೊಟ್ಟಷ್ಟು ಬೆಲೆಯನ್ನು ನಾನು ಯಾವ ಆಣೆಗೂ ಯಾರೂ ಕೊಟ್ಟದ್ದು ನೋಡಿಲ್ಲ.

ಮಾವ ಅಂಗಡಿ ಬೋರ್ಡು ಬರೆಯುವವರು. ಮನೆಗೆ ವೈಫೈ ಹಾಕಿಸಿದ ದಿನ ಹೆಸರೇನು ಇಡಬೇಕು ಎಂದು ಕೇಬಲ್‌ನವನು ಕೇಳಿದಾಗ, ಹೆಂಡತಿ ಅಷ್ಟು ಹೊತ್ತಿಗಾಗಲೇ ಎರಡು ಸಲ ಮಹಡಿ ಹತ್ತಿ ಇಳಿದು ಮೂರನೇ ಸಲ ಹೊರಟಿದ್ದನ್ನು ನೋಡಿ, "ಸ್ವಲ್ಪ ಕೂತ್ಕೋ ಅಂತ ಇಡಪ್ಪಾ" ಅಂದರಂತೆ. ಕೇಬಲ್‌ನವನು ತನಗೇ ಹೇಳಿದರು ಎಂದುಕೊಂಡು ಕುರ್ಚಿ ಎಳೆದುಕೊಂಡು ಕೂತನಂತೆ. ಅಂತೂ ಅದೇ ಹೆಸರು ನಿಂತಿತು. ಅತ್ತೆಯ ಮನೆಯಲ್ಲಿ ಫೋನ್ ತೆಗೆದವರಿಗೆಲ್ಲ ಅದು "ಸ್ವಲ್ಪ ಕೂತ್ಕೋ" ಅನ್ನುತ್ತಿತ್ತು. ಮನೆಯೊಡತಿಯೊಬ್ಬರನ್ನು ಬಿಟ್ಟು ಬಂದವರೆಲ್ಲ ಕೂರುತ್ತಿದ್ದರು.

ಆ ಮಾವ ಎದೆನೋವನ್ನು ಗ್ಯಾಸ್ಟ್ರಿಕ್ ಅನ್ನುತ್ತಾ ತಿಂಗಳುಗಟ್ಟಲೆ ಮುಚ್ಚಿಟ್ಟರು. ಹೆಂಡತಿ ಗಾಬರಿ ಬೀಳುತ್ತಾಳೆ ಎಂದು. ಒಂದು ಬೆಳಿಗ್ಗೆ ಬೋರ್ಡು ಬರೆಯಲು ಏಣಿ ಹತ್ತಿದವರನ್ನು ನಾಲ್ಕು ಜನ ಸೇರಿ ಇಳಿಸಬೇಕಾಯಿತು, ಅಷ್ಟರಲ್ಲಿ ಉಸಿರು ನಿಂತಿತ್ತು. "ಪಕ್ಕದ ರೂಮಲ್ಲಿ ಕೂತು ಊರವರ ಎದೆಯೆಲ್ಲಾ ಟೈಪ್ ಮಾಡ್ತಿದ್ದೆ ಕಣೇ, ಗಂಡನ ಎದೆ ಗೊತ್ತಾಗ್ಲಿಲ್ಲ" ಎಂದು ಅತ್ತೆ ನನ್ನ ಹತ್ತಿರ ಒಂದೇ ಸಲ ಅಂದರು. ಮತ್ತೆ ಆ ಮಾತು ತೆಗೆಯಲಿಲ್ಲ. ಆದರೆ ಅಂದಿನಿಂದ ಅವರಿಗೆ ಆ ಮನೆಯಲ್ಲಿ ಕೂರಲು ಆಗಲೇ ಇಲ್ಲ. ಲ್ಯಾಪ್‌ಟಾಪು, ಪೆಡಲು ಚೀಲಕ್ಕೆ ಹಾಕಿಕೊಂಡು ಹೊರಡುವರು. ಬೆಳಿಗ್ಗೆ ಲೈಬ್ರರಿಯ ಕಿಟಕಿ ಪಕ್ಕದ ಮೇಜು, ಅಲ್ಲಿ ಬೇಸರವಾದರೆ ಗೆಳತಿಯ ಹೊಲಿಗೆ ಅಂಗಡಿಯ ಹಿಂದಿನ ಬೆಂಚು, ಮಧ್ಯಾಹ್ನ ನಮ್ಮ ಮನೆಯ ಹಾಲ್‌ನ ಮೂಲೆಯ ಮೇಜು, ಅದೂ ಚೀಲ ಹೆಗಲಲ್ಲೇ ಇಟ್ಟುಕೊಂಡು ನಿಂತೇ, ಸಂಜೆ ಬಸ್ ನಿಲ್ದಾಣದ ಮಹಡಿಯ ಟೀ ಅಂಗಡಿ. ಮೊದಲೇ ಗಾಲಿ, ಈಗ ಇಳಿಜಾರು ಬೇರೆ ಸಿಕ್ಕಿತ್ತು.

ಕಂಪನಿಗೆ ಇದು ಹಿಡಿಸಲಿಲ್ಲ. ರೋಗಿಗಳ ವಿಷಯ, ಕಂಡಕಂಡ ವೈಫೈಯಲ್ಲಿ ಬಯಲಾಗಿ ಓಡಾಡಬಾರದು ಅನ್ನುವುದು ಅವರ ಮಾತು, ಅದರಲ್ಲಿ ತಪ್ಪೇನಿಲ್ಲ. ಅತ್ತೆಯ ಮನೆಯ ಲೈನನ್ನು ಅವರು ತಮ್ಮ ಲೆಕ್ಕಕ್ಕೆ ಬರೆದುಕೊಂಡಿದ್ದರು. ಅಲ್ಲಿ ನೇರವಾಗಿ ಕೆಲಸ ಮಾಡಬಹುದು. ಬೇರೆ ಎಲ್ಲೇ ಆದರೂ ವಿಪಿಎನ್ ಆನ್ ಮಾಡಿಕೊಂಡಿರಬೇಕು. ವಿಪಿಎನ್ ಅಂದರೆ ದೊಡ್ಡ ವಿದ್ಯೆಯೇನಲ್ಲ, ಬಯಲಲ್ಲಿ ಹೋಗುವ ಮಾತನ್ನು ಮುಚ್ಚಿದ ಕೊಳವೆಯಲ್ಲಿ ಕಳಿಸುವ ಏರ್ಪಾಡು. ಆನ್ ಆದಾಗ ಪರದೆಯ ಮೂಲೆಯಲ್ಲಿ ಸಣ್ಣ ಬೀಗದ ಚಿತ್ರ ಬರುತ್ತದೆ. ಕಂಪನಿಯವರು ಇನ್ನೊಂದು ಬಿಗಿ ಮಾಡಿದ್ದರು: ಬೀಗ ಬಿದ್ದಿದ್ದಾಗ ಸ್ಪೀಕರ್ ಬಾಯಿ ಬಿಡುವುದಿಲ್ಲ, ಇಯರ್‌ಫೋನಿನಲ್ಲೇ ಕೇಳಬೇಕು. ಹೊರಗೆ ಅಕ್ಕಪಕ್ಕದವರ ಕಿವಿಗೆ ಬೀಳಬಾರದಲ್ಲ. ಮನೆಯಲ್ಲೂ ಬೀಗ ಹಾಕಿಟ್ಟುಕೊಳ್ಳಿ ಎಂದರೆ ಆ ಹಳೇ ಲೈನಿನಲ್ಲಿ ಡಾಕ್ಟರು ತೊದಲುತ್ತಿದ್ದರು. ಹಾಗಾಗಿ ಮನೆಯಲ್ಲಿ ತೆಗಿ, ಹೊರಗೆ ಹಾಕು. ಅತ್ತೆ ಮನೆಯಲ್ಲಿ ತೆಗೆಯುತ್ತಿದ್ದರು, ಹೊರಗೆ ಹಾಕಲು ಮರೆಯುತ್ತಿದ್ದರು. ಎರಡು ಸಲ ಎಚ್ಚರಿಕೆ ಬಂತು.

ಎರಡನೆಯದು ಬಂದ ದಿನ ಅತ್ತೆ ನೇರ ನನ್ನ ಕೆಲಸದ ಜಾಗಕ್ಕೆ ಬಂದರು. ನಾನು ಕಂಪ್ಯೂಟರ್ ರಿಪೇರಿ ಅಂಗಡಿಯ ಕೌಂಟರಿನಲ್ಲಿ ಕೂರುವವಳು. ನನಗೆ ಕೋಪ ಮೂಗಿನ ತುದಿಯಲ್ಲಿದೆ ಎಂದು ಅಪ್ಪ ನನ್ನನ್ನು ಕಡ್ಡಿಪೆಟ್ಟಿಗೆ ಅನ್ನುವುದು. ಗಿರಾಕಿಗಳೂ ಹಾಗೇ ಅಂದುಕೊಂಡಿರಬಹುದು, ನನ್ನೆದುರು ಅಂದಿಲ್ಲ.

"ಪುಟ್ಟೀ, ಇನ್ನೊಂದು ಸಲ ಆದ್ರೆ ಮನೆಗೆ ಹೋಗು ಅಂತಾರಂತೆ."

"ಕೆಲಸ ಮನೇಲಿ ಮಾಡಿ ಅಂತ ತಾನೇ ಅವರು ಮೊದ್ಲಿಂದ ಹೇಳ್ತಿರೋದು?"

"ತಮಾಷೆ ಬೇಡ ಕಣೇ. ಈ ಕೆಲಸಾನೂ ಹೋದ್ರೆ ನಾನು ಆ ಮನೇಲಿ ಗೋಡೆ ನೋಡ್ಕೊಂಡು ಹುಚ್ಚಿ ಆಗ್ತೀನಿ."

ಅವರ ಮುಖ ನೋಡಿ ನನ್ನ ತಮಾಷೆ ಅಲ್ಲೇ ಬತ್ತಿತು. ಲ್ಯಾಪ್‌ಟಾಪ್ ಎಳೆದುಕೊಂಡು, ವಿಪಿಎನ್ ತಾನಾಗಿಯೇ ಆನ್ ಆಗುವ ಹಾಗೆ ಮಾಡಿಕೊಟ್ಟೆ. ನಂಬಿಕೆಯ ನೆಟ್‌ವರ್ಕ್ ಎಂದು ಒಂದು ಪಟ್ಟಿ ಇರುತ್ತದೆ. ಅದರಲ್ಲಿ "ಸ್ವಲ್ಪ ಕೂತ್ಕೋ" ಒಂದನ್ನೇ ಸೇರಿಸಿದೆ. ಆ ವೈಫೈ ಸಿಕ್ಕರೆ ಬೀಗ ತಾನಾಗಿ ತೆಗೆದುಕೊಳ್ಳುತ್ತದೆ, ಬೇರೆ ಯಾವುದೇ ವೈಫೈ ಸಿಕ್ಕರೂ ತಾನಾಗಿ ಬೀಳುತ್ತದೆ, ಕೈಯಾರೆ ತೆಗೆಯಲು ಬರುವುದಿಲ್ಲ.

"ಮನೆ ಅಂತ ಅದಕ್ಕೆ ಹೇಗೆ ಗೊತ್ತಾಗುತ್ತೆ?" ಅತ್ತೆ ಕೌಂಟರಿನ ಈ ತುದಿಯಿಂದ ಆ ತುದಿಗೆ ಓಡಾಡುತ್ತಲೇ ಕೇಳಿದರು.

"ಹೆಸರು ನೋಡುತ್ತೆ."

"ಬರೀ ಹೆಸರಾ? ಬೇರೆ ಯಾರಾದ್ರೂ ಅದೇ ಹೆಸರು ಇಟ್ಕೊಂಡ್ರೆ?"

"ಹೆಸರು, ಪಾಸ್‌ವರ್ಡ್ ಎರಡೂ ಒಂದೇ ಆದ್ರೆ ಅದನ್ನೂ ನಿಮ್ಮನೆ ಅಂದ್ಕೊಳ್ಳುತ್ತೆ. ಕಣ್ಣಿಲ್ಲ ಅದಕ್ಕೆ. ಗೋಡೆ ನೋಡಲ್ಲ, ಬಾಗಿಲು ನೋಡಲ್ಲ."

"ಅಷ್ಟು ಪೆದ್ದಾ ಅದು?"

"ಪೆದ್ದೇ. ಆದ್ರೆ ನಿಮ್ಮ ಥರ ಮರೆಯಲ್ಲ. ಒಂದು ತಿಳ್ಕೊಳ್ಳಿ, ಲ್ಯಾಪ್‌ಟಾಪಿಗೆ ಮಂಕುಬೂದಿ ಎರಚಬಹುದು, ಕಂಪನಿಗೆ ಆಗಲ್ಲ. ಯಾವ ಲೈನಿಂದ ಕೆಲಸ ಆಯ್ತು ಅಂತ ಅವರಿಗೆ ಕಾಣುತ್ತೆ."

"ಹಾಗಾ" ಎಂದು ಅತ್ತೆ ಚೀಲಕ್ಕೆ ಕೈ ಹಾಕುತ್ತಿದ್ದವರು ಒಂದು ಕ್ಷಣ ನಿಂತರು. ಅಷ್ಟು ಹೊತ್ತು ಅವರು ಒಂದೇ ಕಡೆ ನಿಂತದ್ದು ನೋಡಿ ನನಗೆ ಆಶ್ಚರ್ಯವಾಯಿತು, ಅಷ್ಟೇ. ಬೇರೇನೂ ಹೊಳೆಯಲಿಲ್ಲ.

ಅದಾದ ಮೇಲೆ ಎಚ್ಚರಿಕೆ ಬರಲಿಲ್ಲ. ಅತ್ತೆ ಎಲ್ಲಿ ಹೋಗಿ ಲ್ಯಾಪ್‌ಟಾಪ್ ತೆರೆದರೂ ಬೀಗ ಟಪ್ಪನೆ ಬೀಳುತ್ತಿತ್ತು. ಅವರಿಗೆ ಅದು ಎಷ್ಟು ಹಿಡಿಸಿತೆಂದರೆ ಹೊಲಿಗೆ ಅಂಗಡಿಯ ಗೆಳತಿಗೂ ತೋರಿಸಿ, "ನೋಡೇ, ನಾನು ಮನೆ ಬಿಟ್ಟೆ ಅಂತ ಇದಕ್ಕೂ ಗೊತ್ತು" ಅಂದರಂತೆ.

ಇನ್ನು ಮುಂದಿನದು ನನಗೆ ಆಮೇಲೆ ಗೊತ್ತಾದದ್ದು. ಆದರೂ ನಡೆದ ಕ್ರಮದಲ್ಲೇ ಹೇಳುತ್ತೇನೆ.

ಅಪ್ಪನಿಗೆ ಕೆಮ್ಮು ಹತ್ತಿಕೊಂಡು ಬಹಳ ದಿನವಾಗಿತ್ತು. ಓವನ್ನಿನ ಮುಂದೆ, ಮೈದಾ ಹಿಟ್ಟಿನ ಮಧ್ಯೆ ಬದುಕಿದವರು. ಹಿಟ್ಟಿನ ಧೂಳು ಎಂದು ತಳ್ಳಿಹಾಕುತ್ತಿದ್ದರು. ಅಮ್ಮ ಬೆನ್ನು ಬಿಡದೆ ಕಾಡಿ, ಎದೆಯ ಸ್ಕ್ಯಾನಿಗೆ ಕಳಿಸಿದರು. ಅಪ್ಪ ಒಬ್ಬರೇ ಹೋಗಿ ಬಂದರು.

ಅದರ ಮಾರನೇ ದಿನ ಅತ್ತೆ ಲೈಬ್ರರಿಯ ಕಿಟಕಿ ಪಕ್ಕ ಕೂತು, ಇಯರ್‌ಫೋನ್ ಸಿಕ್ಕಿಸಿಕೊಂಡು, ಪೆಡಲ್ ಒತ್ತಿದ್ದಾರೆ. ನಿಧಾನದ ಡಾಕ್ಟರು. ಗಂಡಸು, ವಯಸ್ಸು ಐವತ್ತೆಂಟು. "ಎಡಗಡೆ ಏಳನೇ ಪಕ್ಕೆಲುಬಿನಲ್ಲಿ ಹಳೆಯ ಮುರಿತ. ಸೊಟ್ಟಗೆ ಕೂಡಿಕೊಂಡಿದೆ. ಕೊಕ್ಕೆಯ ಹಾಗೆ ಬಾಗಿ ಎಂಟನೆಯದಕ್ಕೆ ತಾಗಿದೆ."

ಅತ್ತೆಯ ಕಾಲು ಪೆಡಲಿನಿಂದ ಎದ್ದಿತು. ಆ ಪಕ್ಕೆಲುಬು ಅವರಿಗೆ ಗೊತ್ತು. ಅದನ್ನು ಮುರಿದದ್ದು ಅವರೇ. ಚಿಕ್ಕವರಿದ್ದಾಗ ಕಾಂಪೌಂಡ್ ಗೋಡೆಯ ಮೇಲೆ ಕೂತು ಅಣಕಿಸುತ್ತಿದ್ದ ತಮ್ಮನನ್ನು ಸಿಟ್ಟಿನಿಂದ ತಳ್ಳಿದ್ದರು. ಕೆಳಗೆ ನೀರಿನ ತೊಟ್ಟಿಯ ಅಂಚು. ಅಪ್ಪ ಬನಿಯನ್ ಬಿಚ್ಚಿದರೆ ಎಡಪಕ್ಕೆಯಲ್ಲಿ ಇವತ್ತಿಗೂ ಒಂದು ಉಬ್ಬು ಕಾಣುತ್ತದೆ. ಜಾರಿ ಬಿದ್ದದ್ದು ಎಂದೇ ಮನೆಯವರೆಲ್ಲ ನಂಬಿದ್ದೆವು. ತಳ್ಳಿದ ಕತೆ ಆ ಇಬ್ಬರ ನಡುವೆಯೇ ಇತ್ತು.

ಅತ್ತೆ ಮತ್ತೆ ಪೆಡಲ್ ಒತ್ತಿದರು. "ಬಲ ಶ್ವಾಸಕೋಶದ ಮೇಲ್ಭಾಗದಲ್ಲಿ ಗಂಟು. ಅಂಚು ನಯವಾಗಿಲ್ಲ. ತಡಮಾಡದೆ ಮುಂದಿನ ಪರೀಕ್ಷೆ ಆಗಬೇಕು."

ಟೈಪ್ ಮಾಡಿದರು. ಒಂದು ಅಕ್ಷರವೂ ತಪ್ಪಲಿಲ್ಲವಂತೆ. ಕಳಿಸಿ, ಎದ್ದು, ಲೈಬ್ರರಿಯ ಮೆಟ್ಟಿಲನ್ನು ಎರಡು ಸಲ ಇಳಿದು ಹತ್ತಿದರು. ಹೇಗೂ ರಿಪೋರ್ಟು ಅವನ ಕೈಗೆ ಹೋಗುತ್ತದೆ, ಡಾಕ್ಟರು ಹೇಳುತ್ತಾರೆ, ಅವನು ಮನೆಯಲ್ಲಿ ಹೇಳುತ್ತಾನೆ, ಆಗ ನಾನೂ ಹೊಸದಾಗಿ ಕೇಳಿದವಳ ಹಾಗೆ ಅತ್ತರಾಯಿತು ಎಂದುಕೊಂಡರು.

ರಿಪೋರ್ಟ್ ಬಂತು. ಅಪ್ಪ ಹೇಳಲಿಲ್ಲ. "ಏನಿಲ್ಲವಂತೆ, ಹಿಟ್ಟಿನ ಧೂಳಂತೆ" ಎಂದು ನಗುತ್ತಾ ಚಪ್ಪಲಿ ಬಿಟ್ಟು ಒಳಗೆ ಬಂದರು. ಅಮ್ಮ ಸಮಾಧಾನದ ಉಸಿರು ಬಿಟ್ಟರು. ಅತ್ತೆ ಅಡುಗೆಮನೆ ಬಾಗಿಲಲ್ಲಿ ಟೀ ಲೋಟ ಹಿಡಿದು ನಿಂತಿದ್ದರು. ಅವತ್ತು ಲೋಟ ತೊಳೆದಿಡಲಿಲ್ಲ. ಟೀ ಹಾಗೇ ಬಿಟ್ಟು ಹೋಗಿದ್ದರು.

ಅಲ್ಲಿಂದ ಶುರುವಾಯಿತು ನೋಡಿ. ದಿನಕ್ಕೊಮ್ಮೆ ಬರುತ್ತಿದ್ದವರು ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಬರತೊಡಗಿದರು. ಬಾಲ ಸುಟ್ಟ ಬೆಕ್ಕಿನ ಹಾಗೆ ಹಾಲ್‌ನಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಹಿತ್ತಲಿಗೆ. ಅಪ್ಪ ಕೆಮ್ಮಿದರೆ ಬೆಚ್ಚುವರು.

"ಮರೀ, ರಿಪೋರ್ಟ್ ಎಲ್ಲಿಟ್ಟಿದೀಯಾ? ನೋಡ್ತೀನಿ ಕೊಡು."

"ಬೇಕರಿಯಲ್ಲೇ ಇದೆ ಅಕ್ಕ. ಏನೂ ಇಲ್ಲ ಅಂದ್ನಲ್ಲ."

"ಏನೂ ಇಲ್ಲದ್ದನ್ನೇ ನೋಡ್ತೀನಿ."

"ನಿಂಗೆ ದಿನಾ ನೂರು ಜನರ ಎದೆ ಕೇಳಿ ಸಾಕಾಗಲ್ವಾ? ನನ್ನದೂ ಬೇಕಾ?" ಎಂದು ಅಪ್ಪ ನಕ್ಕರು. ನಗುತ್ತಾ ಕೆಮ್ಮಿದರು. ಅತ್ತೆ ಹಿತ್ತಲಿಗೆ ಹೋಗಿ ತಿರುಗಿ ಬಂದರು. ಬಿಸಿತುಪ್ಪ ಬಾಯಿಗೆ ಹಾಕಿಕೊಂಡವರ ಅವಸ್ಥೆ ಅದು, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ನನಗೆ ಅದೆಲ್ಲ ಎಲ್ಲಿ ಗೊತ್ತು? "ಅತ್ತೆ, ತಲೆ ಸುತ್ತು ಬರುತ್ತೆ ನಿಮ್ಮನ್ನ ನೋಡಿದ್ರೆ. ಕೂತ್ಕೊಳ್ಳಿ, ಇಲ್ಲಾ ಹೊರಡಿ" ಎಂದು ರೇಗಿದೆ. ಅವರು ಹೊರಟರು. ಅರ್ಧ ಗಂಟೆಯಲ್ಲಿ ತಿರುಗಿ ಬಂದರು.

ಹೇಳಿಬಿಡಬಹುದಿತ್ತಲ್ಲ, ಅಕ್ಕ ತಮ್ಮ ಅಂದಮೇಲೆ ಸಹಿ ಎಂಥದ್ದು ಎಂದು ನೀವು ಕೇಳಬಹುದು. ನಾನೂ ಕೇಳಿದ್ದೇನೆ. "ಹೇಳಿದ್ರೆ ಅವನು ಒಪ್ತಿದ್ನಾ? ಯಾರ್ದೋ ಕೇಳಿ ನನ್ನ ತಲೆಗೆ ಕಟ್ತೀಯಾ ಅಂತಿದ್ದ. ನಿಮ್ಮಮ್ಮನೂ ಅವನ ಮಾತೇ ನಂಬೋಳು" ಅಂದರು. ಅದು ನಿಜ. ಅಪ್ಪ ನಗುತ್ತಾ ಸುಳ್ಳು ಹೇಳಿದರೆ ನಿಜಕ್ಕಿಂತ ಚೆನ್ನಾಗಿರುತ್ತದೆ. ಅತ್ತೆಯ ಹತ್ತಿರ ಇದ್ದ ಸಾಕ್ಷಿ ಒಂದೇ, ನಿಧಾನದ ಡಾಕ್ಟರ ಧ್ವನಿ. ತಿದ್ದುಪಡಿ ಬಂದರೆ ಬೇಕು ಎಂದು ಆ ರೆಕಾರ್ಡು ಸ್ವಲ್ಪ ದಿನ ಲ್ಯಾಪ್‌ಟಾಪಿನಲ್ಲಿ ಸಿಗುತ್ತದೆ, ಆಮೇಲೆ ಅಳಿಸಿಹೋಗುತ್ತದೆ. ನಮ್ಮ ಮನೆಯಲ್ಲಿ ಅದನ್ನು ತೆರೆದರೆ ಬೀಗ ಬೀಳುತ್ತಿತ್ತು, ಸ್ಪೀಕರ್ ಮೂಕವಾಗುತ್ತಿತ್ತು. ಇಯರ್‌ಫೋನನ್ನು ತಮ್ಮನ ಕಿವಿಗೆ ತುರುಕಿ ಪ್ರಯೋಜನವಿಲ್ಲ. ಅವನಿಗೆ ಗೊತ್ತಿದ್ದದ್ದೇ ಅದು. ಕೇಳಬೇಕಾದವರು ಅಮ್ಮ, ಅದೂ ಅಪ್ಪ ಆಮೇಲೆ ನಗುತ್ತಾ ತಳ್ಳಿಹಾಕದ ಹಾಗೆ, ಇಬ್ಬರೂ ಒಟ್ಟಿಗೆ ಇರುವಾಗ.

ಒಂದು ಸಂಜೆ ನನ್ನ ಹಿಂದೆ ಮಹಡಿಗೆ ಬಂದು, "ಪುಟ್ಟೀ, ಆ ಪಟ್ಟಿಗೆ ನಿಮ್ಮನೆಯನ್ನೂ ಸೇರಿಸು. ಇದೂ ನನ್ನ ಮನೆ ತಾನೇ?" ಅಂದರು.

"ಕಂಪನಿಯವರು ಒಪ್ಪಿರೋದು ಒಂದೇ ಮನೆ ಅತ್ತೆ. ಇದನ್ನ ಸೇರಿಸಿದ್ರೆ ಮೂರನೇ ಎಚ್ಚರಿಕೆ ಬರುತ್ತೆ, ಕೆಲಸ ಹೋಗುತ್ತೆ."

"ಸೇರಿಸು ಅಂದೆ."

"ಆಗಲ್ಲ ಅಂದೆ. ಊರಿಗೇ ಒಂದು ದಾರಿಯಾದರೆ ಎಡವಟ್ಟನಿಗೇ ಒಂದು ದಾರಿ ಅನ್ನೋ ಹಾಗೆ ಆಡ್ಬೇಡಿ. ನಾಳೆ ಕೆಲಸ ಹೋದ್ಮೇಲೆ ನನ್ನ ಹತ್ರಾನೇ ಅಳ್ತಾ ಬರ್ತೀರಾ."

ಅವರು ಹೆಗಲಿನ ಚೀಲ ಸರಿಮಾಡಿಕೊಂಡರು. "ನಿಂದೂ ಸರಿ" ಎಂದು ಮೆಟ್ಟಿಲು ಇಳಿದು ಹೋದರು. ಅತ್ತೆ ಇಷ್ಟು ಸುಲಭವಾಗಿ ಸೋತದ್ದು ಕಂಡು ನನಗೆ ಗೆದ್ದ ಖುಷಿಯಾಗಬೇಕಿತ್ತು. ಆಗಲಿಲ್ಲ, ಏನೋ ಕಸಿವಿಸಿ.

ಬೇಕರಿಗೆ ವಾರದ ರಜೆ ಇದ್ದ ದಿನ. ನಾನೂ ಅವತ್ತು ರಜೆ ಹಾಕಿ ಬಟ್ಟೆ ಇಸ್ತ್ರಿ ಮಾಡುತ್ತಾ ಹಾಲ್‌ನಲ್ಲಿದ್ದೆ. ಅಪ್ಪ ಬನಿಯನ್ನಿನಲ್ಲಿ ಕೂತು ತಮ್ಮ ಹಳೇ ರೇಡಿಯೋ ಬಿಚ್ಚಿಕೊಂಡಿದ್ದರು. ಅಮ್ಮ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದರು. ಬೆಳಿಗ್ಗೆಯೇ ಬಂದಿದ್ದ ಅತ್ತೆ ಮೂಲೆಯ ಮೇಜಿನ ಹತ್ತಿರ ಏನೋ ಮಾಡಿಕೊಂಡಿದ್ದರು. ವೈಫೈ ಪೆಟ್ಟಿಗೆ ಇರುವುದೂ ಅಲ್ಲೇ. ನನ್ನ ಫೋನಿಗೆ ನೆಟ್ ಹೋಯಿತು. ಎರಡು ಸಲ ನೋಡಿದೆ. ನಮ್ಮ ಮನೆಯ ಹೆಸರು ಪಟ್ಟಿಯಲ್ಲಿ ಇಲ್ಲವೇ ಇಲ್ಲ. ಅದರ ಜಾಗದಲ್ಲಿ, ಮೂರು ಬೀದಿ ಆಚೆ ಇರಬೇಕಾದ ಹೆಸರು ನಿಂತಿತ್ತು: ಸ್ವಲ್ಪ ಕೂತ್ಕೋ.

ನನಗೆ ಅರ್ಥವಾಗುವಷ್ಟರಲ್ಲಿ ಕೋಪ ನೆತ್ತಿಗೇರಿತ್ತು. "ಅತ್ತೆ, ಏನು ಮಾಡಿದ್ರಿ ನೀವು?"

ಅತ್ತೆ ನನ್ನ ಕಡೆ ತಿರುಗಲಿಲ್ಲ. ಲ್ಯಾಪ್‌ಟಾಪ್ ತೆರೆದಿತ್ತು. ಪರದೆಯ ಮೂಲೆಯಲ್ಲಿ ಬೀಗ ಇರಲಿಲ್ಲ. ಅತ್ತೆ ನಮ್ಮ ವೈಫೈಗೆ ತಮ್ಮ ಮನೆಯ ಹೆಸರು, ಪಾಸ್‌ವರ್ಡ್ ಎರಡನ್ನೂ ಇಟ್ಟಿದ್ದರು, ನಮ್ಮ ಮನೆಯನ್ನು ಅದು ಅತ್ತೆಯ ಮನೆ ಎಂದು ನಂಬಿಬಿಟ್ಟಿತ್ತು. ಹೇಗೆ ನಂಬಿಸಬೇಕು ಎಂದು ಹೇಳಿಕೊಟ್ಟವಳು ನಾನೇ, ಕೌಂಟರಿನಲ್ಲಿ ಕೂತು, ಜಾಣತನ ತೋರಿಸುತ್ತಾ. ಅತ್ತೆ ಪೆಡಲನ್ನು ನೆಲದ ಮೇಲಿಟ್ಟು ಕಾಲಿಂದ ಒತ್ತಿದರು. ನಿಂತೇ ಒತ್ತಿದರು.

ನಿಧಾನದ ಡಾಕ್ಟರ ಧ್ವನಿ ಹಾಲ್ ತುಂಬಾ ಕೇಳಿಸಿತು. ಬಲ ಶ್ವಾಸಕೋಶ. ಗಂಟು. ತಡಮಾಡದೆ.

ಅಪ್ಪನ ಕೈಯಿಂದ ಸ್ಕ್ರೂಡ್ರೈವರ್ ಜಾರಿತು. "ನಿಲ್ಸು ಅದನ್ನ" ಅಂದರು.

ಅಮ್ಮ ಒದ್ದೆ ಕೈಯಲ್ಲೇ ಬಂದರು. "ಯಾರದು ಅತ್ತಿಗೆ? ಪಾಪ."

"ಯಾರ್ದು ಅಂತ ನನಗೆ ಗೊತ್ತಿರೋ ಹಾಗಿಲ್ಲ" ಅಂದರು ಅತ್ತೆ. ಕಾಲು ಪೆಡಲಿನ ಮೇಲೇ ಇತ್ತು. "ಹೆಸರಿಲ್ಲ ಇದ್ರಲ್ಲಿ. ನಾನು ಯಾರಿಗೂ ಏನೂ ಹೇಳ್ತಿಲ್ಲ. ಕೆಲಸ ಮಾಡ್ತಿದೀನಿ, ಅಷ್ಟೇ." ಮತ್ತೆ ಮೊದಲಿನಿಂದ ಹಾಕಿದರು. "ಎಡಗಡೆ ಏಳನೇ ಪಕ್ಕೆಲುಬಿನಲ್ಲಿ ಹಳೆಯ ಮುರಿತ. ಸೊಟ್ಟಗೆ ಕೂಡಿಕೊಂಡಿದೆ. ಕೊಕ್ಕೆಯ ಹಾಗೆ ಬಾಗಿ..."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ಅಪ್ಪನ ಕೈ ತಾನಾಗಿಯೇ ಎಡಪಕ್ಕೆಗೆ ಹೋಯಿತು. ಅಮ್ಮ ಅದನ್ನು ನೋಡಿದರು. ಮದುವೆಯಾದಾಗಿನಿಂದ ಆ ಉಬ್ಬು ಕಂಡವರು ಅವರು. ಬೇರೆ ಯಾರೂ ಏನೂ ಹೇಳಬೇಕಾಗಲಿಲ್ಲ.

"ಏನಿಲ್ಲ ಅಂದ್ರಲ್ಲ ರೀ" ಅಂದರು ಅಮ್ಮ. ಕೂಗಲಿಲ್ಲ. ಕೂಗಿದ್ದರೆ ಚೆನ್ನಾಗಿತ್ತು.

ಅಪ್ಪ ಎದ್ದು ಅತ್ತೆಯ ಎದುರು ನಿಂತರು. ಅವರಿಗೆ ಅಂಥ ಸಿಟ್ಟು ಬಂದದ್ದನ್ನು ನಾನು ನೋಡಿರಲಿಲ್ಲ. "ಗೋಡೆ ಮೇಲಿಂದ ನೀನು ತಳ್ಳಿದ್ದು ಇವತ್ತಿನವರೆಗೂ ಯಾರ ಹತ್ರಾನಾದ್ರೂ ಬಾಯಿ ಬಿಟ್ಟಿದೀನಾ? ಅಪ್ಪ ಕೋಲು ಹಿಡ್ಕೊಂಡು ಕೇಳಿದಾಗ್ಲೂ ಜಾರಿ ಬಿದ್ದೆ ಅಂದೆ. ನಿಂಗೆ ನಂದೊಂದು ಗುಟ್ಟು ಇಟ್ಕೊಳಕ್ಕೆ ಆಗ್ಲಿಲ್ಲ! ಗೊತ್ತಾದ್ಮೇಲೆ ಇವರೆಲ್ಲ ನನ್ನ ನೋಡೋ ರೀತಿನೇ ಬದಲಾಗುತ್ತೆ. ಅದು ನಂಗೆ ಬೇಡ ಆಗಿತ್ತು. ನಗ್ತಾ ಇದ್ದ ಮನೆ ಇದು."

"ಇನ್ನೊಬ್ಬರನ್ನ ಏಣಿಯಿಂದ ಇಳಿಸ್ಕೊಳ್ಳೋ ಶಕ್ತಿ ನಂಗಿಲ್ಲ ಮರೀ" ಅಂದರು ಅತ್ತೆ.

ಅಪ್ಪ ಬಾಗಿಲು ಹಾಕಿಕೊಂಡು ಒಳಗೆ ಹೋದರು. ಅಮ್ಮ ಆ ಬಾಗಿಲ ಹೊರಗೆ ನೆಲದ ಮೇಲೆ ಕೂತರು. ನಾನು ಅತ್ತೆಯನ್ನು ಬಯ್ಯಬೇಕು ಎಂದು ಬಾಯಿ ತೆರೆದಿದ್ದೆನಲ್ಲ, ಅದು ಹಾಗೇ ತೆರೆದಿತ್ತು. ಅದರಿಂದ ಬಂದದ್ದು ಅಳು. ಇಸ್ತ್ರಿಪೆಟ್ಟಿಗೆಯ ಕೆಳಗೆ ಅಪ್ಪನ ಅಂಗಿ ಸುಟ್ಟ ವಾಸನೆ ಬಂದಾಗಲೇ ನನಗೆ ಎಚ್ಚರವಾದದ್ದು.

ಕಂಪನಿಯ ಫೋನು ಮಾರನೇ ದಿನವೇ ಬಂತು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಎಂದು ಎಲ್ಲರಿಗೂ ಆಸೆ. ಅತ್ತೆಯ ಕೋಲು ಮುರಿಯಿತು. ನಾನು ಏನೋ ಒಂದು ಕತೆ ಕಟ್ಟಿ, ರಿಪೇರಿ ಮಾಡುವಾಗ ಹೆಸರು ಅದಲುಬದಲಾಯಿತು ಎಂದು ಅವರಿಗೆ ಬರೆಯುತ್ತೇನೆ ಎಂದೆ. ಅತ್ತೆ ಬೇಡ ಅಂದರು. "ಬೇಕಂತಲೇ ಮಾಡಿದೆ ಅಂತ ನಾನೇ ಹೇಳಿದೀನಿ. ರೋಗಿ ಮಾತನ್ನ ಹೊರಗೆ ಬಿಟ್ಟಿದ್ದು ತಪ್ಪೇ. ಅವರು ಕಳಿಸಿದ್ದು ಸರಿಯೇ." ಲ್ಯಾಪ್‌ಟಾಪು, ಪೆಡಲು ಒರೆಸಿ, ಡಬ್ಬಿಗೆ ಹಾಕಿ ವಾಪಸ್ ಕಳಿಸಿದರು. ಖಾಲಿ ಚೀಲವನ್ನು ಮಾತ್ರ ಹೆಗಲಿಗೆ ಹಾಕಿಕೊಂಡೇ ಓಡಾಡುತ್ತಿದ್ದರು.

ಅಮ್ಮ ಅಪ್ಪನಿಗೆ ಉಸಿರಾಡಲು ಬಿಡಲಿಲ್ಲ. ಪರೀಕ್ಷೆಯ ಮೇಲೆ ಪರೀಕ್ಷೆ, ಆಮೇಲೆ ಆಪರೇಷನ್. ಇನ್ನೂ ತಡವಾಗಿದ್ದರೆ ಕೈ ಹಾಕುವ ಹಾಗಿರಲಿಲ್ಲ ಎಂದು ಸರ್ಜನ್ ಅಂದಾಗ ಅಮ್ಮ ನನ್ನ ಕೈಯನ್ನು ಎಷ್ಟು ಬಿಗಿಯಾಗಿ ಹಿಡಿದರೆಂದರೆ ಬಳೆ ಒತ್ತಿ ಗುರುತು ಬಿತ್ತು. ಅಪ್ಪ ಹೇಳಿದ್ದರಲ್ಲಿ ಒಂದು ನಿಜವಾಯಿತು. ನಾವು ಅವರನ್ನು ನೋಡುವ ರೀತಿ ಬದಲಾಗಿತ್ತು. ಅವರು ಕಣ್ಣು ಮುಚ್ಚಿದರೆ ಎದೆ ಏರಿಳಿಯುತ್ತಿದೆಯೇ ಎಂದು ನೋಡುತ್ತಿದ್ದೆವು.

ಅತ್ತೆಯ ಜೊತೆ ಅಪ್ಪ ಮಾತು ಬಿಟ್ಟಿದ್ದರು. ಆಸ್ಪತ್ರೆಯ ಓಣಿಯಲ್ಲಿ ಅತ್ತೆ ಆ ಗೋಡೆಯಿಂದ ಈ ಗೋಡೆಗೆ ನಡೆಯುತ್ತಿದ್ದರು. ತಮ್ಮ ನಿದ್ದೆ ಹೋದಾಗ ಮಾತ್ರ ಒಳಗೆ ಬಂದು, ಹೊದಿಕೆ ಸರಿಮಾಡಿ, ಅವನು ಮಿಸುಕುವ ಮೊದಲೇ ಹೊರಗೆ ಹೋಗುತ್ತಿದ್ದರು. "ಕೂತ್ಕೊಳ್ಳಿ ಅತ್ತಿಗೆ" ಎಂದು ಅಮ್ಮ ಎಷ್ಟು ಸಲ ಅಂದರೂ, "ಇಲ್ಲ, ಅವನು ನೋಡಿದ್ರೆ ಸಿಟ್ಟಾಗ್ತಾನೆ" ಅನ್ನುವರು. ಕೆಲಸ ಹೋದದ್ದಕ್ಕೆ ಅವರು ಅಳಲಿಲ್ಲ. ತಮ್ಮ "ಅಕ್ಕಾ" ಅನ್ನದೆ ಎಷ್ಟು ದಿನವಾಯಿತು ಎಂದು ಒಂದು ಸಲ ನನ್ನನ್ನು ಕೇಳಿದರು. ನಾನು ಲೆಕ್ಕ ಇಟ್ಟಿಲ್ಲ ಎಂದೆ. ಸುಳ್ಳು ಹೇಳುವುದು ನಮ್ಮ ಮನೆಯಲ್ಲಿ ಅಪ್ಪನೊಬ್ಬರ ಸ್ವತ್ತಲ್ಲ.

ಅಪ್ಪ ಮನೆಗೆ ಬಂದರು. ಹಾಲ್‌ನಲ್ಲೇ ಮಂಚ ಹಾಕಿದೆವು, ಬೆನ್ನಿಗೆ ದಿಂಬು ಕೊಟ್ಟು ಒರಗಿಸಿದೆವು. ಹೊಲಿಗೆ ಹಾಕಿದ ಬಲಗಡೆ ನೋವು, ಕೆಮ್ಮುವಾಗ ದಿಂಬು ಒತ್ತಿಕೊಳ್ಳಬೇಕು. ಹೊತ್ತು ಹೋಗಲಿ ಎಂದು ಫೋನ್ ಕೈಗೆ ಕೊಟ್ಟೆ. ನೆಟ್ ಸಿಗುತ್ತಿಲ್ಲ ಎಂದು ಗೊಣಗಿದರು. ಆಸ್ಪತ್ರೆಯ ಓಡಾಟದಲ್ಲಿ ನಾನು ವೈಫೈ ಹೆಸರು ಬದಲಾಯಿಸಿರಲಿಲ್ಲ. ಅಮ್ಮನ ಫೋನಿಗೂ ನನ್ನದಕ್ಕೂ ಹೊಸ ಪಾಸ್‌ವರ್ಡ್ ಹಾಕಿಕೊಂಡು ಸುಮ್ಮನಿದ್ದೆ. ಅಪ್ಪನ ಫೋನಿಗೂ ಹಾಕಿಕೊಟ್ಟೆ. ಅವರು ಪರದೆಯನ್ನು ಕಣ್ಣಿನ ಹತ್ತಿರ ಹಿಡಿದು ಏನೋ ಓದಿದರು.

ಗೇಟಿನ ಸದ್ದಾಯಿತು. ಅತ್ತೆ ಬಾಗಿಲವರೆಗೆ ಬಂದರು. ಹೆಗಲಲ್ಲಿ ಖಾಲಿ ಚೀಲ. ಅಪ್ಪ ಎಚ್ಚರವಾಗಿರುವುದನ್ನು ಕಂಡು ಹೊಸ್ತಿಲಲ್ಲೇ ನಿಂತರು. ಅಮ್ಮನಿಗೆ ಕೇಳಿಸುವ ಹಾಗೆ, "ಹೇಗಿದಾನೆ ನೋಡಿ ಹೋಗೋಣ ಅಂತ ಬಂದೆ, ಬರ್ತೀನಿ" ಎಂದು ಹಿಂದಕ್ಕೆ ತಿರುಗಿದರು.

"ಅಕ್ಕಾ" ಅಂದರು ಅಪ್ಪ.

ಅತ್ತೆಯ ಬೆನ್ನು ಹಾಗೇ ನಿಂತಿತು.

"ನಿಂಗೆ ಓದಕ್ಕೆ ಬರಲ್ವಾ?"

"ಏನು ಓದ್ಬೇಕು?" ಅತ್ತೆ ತಿರುಗದೆಯೇ ಕೇಳಿದರು.

ಅಪ್ಪ ಫೋನನ್ನು ಅವರ ಕಡೆ ಹಿಡಿದರು. ಕೈ ಎತ್ತಲು ನೋವಾಗಿರಬೇಕು, ಮುಖ ಕಿವುಚಿದರು, ಆದರೂ ಇಳಿಸಲಿಲ್ಲ. "ನೀನೇ ಬಂದು ಬರೆದಿಟ್ಟು ಹೋಗಿದೀಯಲ್ಲ. ಈ ಮನೇಲಿ ವೈಫೈ ಏನನ್ನುತ್ತೆ, ಓದು."

ಅತ್ತೆ ಒಳಗೆ ಬಂದು, ಕನ್ನಡಕವಿಲ್ಲದೆ ಬಗ್ಗಿ ಓದಿದರು. ಆಮೇಲೆ ಹೆಗಲಿನ ಚೀಲ ತೆಗೆದು ನೆಲದ ಮೇಲಿಟ್ಟು, ಅಪ್ಪನ ಎಡಗಡೆ, ಮಂಚದ ಅಂಚಿನಲ್ಲಿ ಕೂತರು.